ಎಂಎಸ್ಸಿ ಬಯೋಕೆಮಿಸ್ಟ್ರಿ ಸೀಟ್ ಆಗಿದೆ, ಡಿಪಾರ್ಟ್‌ಮೆಂಟ್ ಒಳಗೆ ದಿನ ಹೆಂಗಿರುತ್ತೆ? ಓದಿದೋರು ಹೇಳಿ

ರಾಗಿಮಾಲ್ಟ್_22 ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿಎಸ್ಸಿ ಮುಗಿಸಿದೀನಿ, ಕೆಮಿಸ್ಟ್ರಿ ಬಾಟನಿ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಈಗ ಒಂದು ಯೂನಿವರ್ಸಿಟಿಲಿ ಎಂಎಸ್ಸಿ ಬಯೋಕೆಮಿಸ್ಟ್ರಿಗೆ ಸೀಟ್ ಆಗಿದೆ, ಯಾವುದು ಅಂತ ಇಲ್ಲಿ ಬೇಡ. ಫೀಸ್ ಕಟ್ಟೋಕೆ ಸೋಮವಾರ ಕೊನೇ ದಿನ. ಅಪ್ಪ ಬಿಎಡ್ ಮಾಡು, ತಾಲ್ಲೂಕಲ್ಲೇ ಇದೆ, ಮನೆಯಿಂದಾನೇ ಓಡಾಡ್ಬೋದು ಅಂತಾರೆ. ಅಮ್ಮ ಏನೂ ಅನ್ನಲ್ಲ, ಆದ್ರೆ ನಿನ್ನೆ ಬೀರುವಿಂದ ದೊಡ್ಡ ಬ್ಯಾಗ್ ತೆಗೆದು ಬಿಸಿಲಿಗೆ ಇಟ್ಟಿದ್ರು.

ಸಿಲಬಸ್ ಎಲ್ಲ ನೋಡಿದೀನಿ, ನಂಗೆ ಬೇಕಿರೋದು ಅದಲ್ಲ. ಬೆಳಗ್ಗೆಯಿಂದ ಸಂಜೆ ತನಕ ಅಲ್ಲಿ ಏನ್ ಮಾಡ್ತಾರೆ, ಸೀನಿಯರ್ಸ್ ಹೆಂಗಿರ್ತಾರೆ, ಪಿಎಚ್‌ಡಿಯವರು ನಮ್ಮಂಥೋರನ್ನ ಮಾತಾಡಿಸ್ತಾರಾ, ಸೆಮಿನಾರ್ ಇಂಗ್ಲಿಷಲ್ಲೇ ಕೊಡ್ಬೇಕಾ. ನಮ್ಮ ಕಾಲೇಜಲ್ಲಿ ಸ್ಪೆಕ್ಟ್ರೋಫೋಟೋಮೀಟರ್, ಅಂದ್ರೆ ದ್ರಾವಣ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋ ಮಷೀನ್, ಇತ್ತು ಆದ್ರೆ ಕಪಾಟಿನ ಒಳಗಿತ್ತು, ಮೂರು ವರ್ಷದಲ್ಲಿ ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನೋರು ಬಂದಾಗ ಒಂದ್ಸಲ ಹೊರಗೆ ಬಂತು, ಬಟ್ಟೆ ಹಾಕಿ ಒರೆಸಿ ಹೂವಿನ ಕುಂಡದ ಪಕ್ಕ ಇಟ್ಟಿದ್ರು. ಸಣ್ಣ ಸಣ್ಣ ಅಳತೆಲಿ ದ್ರವ ಎಳೆದು ಬಿಡೋ ಮೈಕ್ರೋಪಿಪೆಟ್ ಅಂತೂ ಕೈಯಲ್ಲಿ ಹಿಡಿದೇ ಇಲ್ಲ. ಅಲ್ಲಿ ಹೋಗಿ ನಗೆಪಾಟಲಾಗ್ತೀನೇನೋ ಅಂತ ಭಯ. ನಿಜ ಹೇಳಿ, ಸಮಾಧಾನಕ್ಕೆ ಹೇಳ್ಬೇಡಿ.

ಟೆಮೆಡ್_ಮರೆತವನು:

ಪಿಪೆಟ್ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ ತಂಗಿ. ನಮ್ಮ ಬ್ಯಾಚಲ್ಲಿ ಮೊದಲೇ ಹಿಡಿದು ಗೊತ್ತಿದ್ದೋರು ನಾಲ್ಕೋ ಐದೋ ಜನ, ಅವ್ರೂ ತಪ್ಪಾಗೇ ಹಿಡಿತಿದ್ರು. ಮೊದಲನೇ ಪ್ರಾಕ್ಟಿಕಲ್ ಏನು ಗೊತ್ತಾ, ನೀರು ತೂಗೋದು. ಪಿಪೆಟ್‌ನ 1000 ಮೈಕ್ರೋಲೀಟರಿಗೆ ಇಟ್ಟು, ನೀರು ಎಳೆದು, ಬ್ಯಾಲೆನ್ಸ್ ಮೇಲಿರೋ ಪುಟ್ಟ ಬೀಕರಿಗೆ ಬಿಡ್ಬೇಕು, ಒಂದು ಗ್ರಾಂ ತೋರಿಸ್ಬೇಕು ಅಷ್ಟೇ. ನಂಗೆ 1.21, 1.18, 1.23 ಹಿಂಗೆ ಬರ್ತಿತ್ತು. ಮಷೀನ್ ಸರಿ ಇಲ್ಲ ಅಂತ ನಾನು ವಾದ ಬೇರೆ ಮಾಡ್ದೆ. ಪಕ್ಕದಲ್ಲಿ ಫ್ಲಾಸ್ಕ್ ತೊಳೀತಿದ್ದ ಅಟೆಂಡರ್ ಅಣ್ಣ ಕೈ ಒರೆಸ್ಕೊಂಡು ಬಂದು, ಸಾರ್ ಎರಡು ಸ್ಟಾಪ್ ಇದೆ ಅದಕ್ಕೆ, ತಗೊಳೋವಾಗ ಮೊದಲನೇ ಸ್ಟಾಪ್ ತನಕ ಒತ್ತಿ ಬಿಡ್ಬೇಕು, ಹಾಕೋವಾಗ ಮಾತ್ರ ಎರಡನೇದ್ರ ತನಕ ಅಂದ್ರು. ನಾನು ತಗೊಳೋವಾಗ್ಲೇ ಪೂರ್ತಿ ಒತ್ತಿಬಿಡ್ತಿದ್ದೆ. ಆಮೇಲೆ 0.998 ಬಂತು. ಆ ಅಣ್ಣ ಓದಿರೋದು ಏಳನೇ ಕ್ಲಾಸು.

ದಿನ ಅಂದ್ರೆ ನಮ್ಮಲ್ಲಿ ಬೆಳಗ್ಗೆ 10ರಿಂದ 1:30 ತನಕ ಥಿಯರಿ, ಊಟ, 2:30ರಿಂದ 5:30 ಅಂತ ಟೈಮ್‌ಟೇಬಲಲ್ಲಿ ಪ್ರಾಕ್ಟಿಕಲ್, ಆದ್ರೆ 5:30ಕ್ಕೆ ಮುಗಿದಿದ್ದು ನಾನು ನೋಡ್ಲಿಲ್ಲ. ಎರಡನೇ ವಾರಕ್ಕೇ ಸ್ಟಾರ್ಚ್ ಕತ್ತರಿಸೋ ಎಂಜೈಮು ಅಮೈಲೇಸ್ ಬರುತ್ತೆ, ಅದಕ್ಕೆ ಎಂಜಲು ಬೇಕು. ಎಲ್ರೂ ಮುಖ ಮುಖ ನೋಡ್ಕೊಂಡು ಕೂತಿದ್ವಿ, ಕೊನೆಗೆ ಒಬ್ಬ ಬಾಯಿ ಮುಕ್ಕಳಿಸಿ ಬಂದು ಬೀಕರಿಗೆ ಉಗಿದ, ಅದನ್ನೇ ನೀರು ಬೆರೆಸಿ ತೆಳು ಮಾಡಿ ಇಡೀ ಬ್ಯಾಚಿಗೆ ಹಂಚಿದ್ರು. ಸ್ಟಾರ್ಚಿಗೆ ಹಾಕಿ ನಿಮಿಷಕ್ಕೊಂದ್ಸಲ ಒಂದು ತೊಟ್ಟು ತೆಗೆದು ಅಯೋಡಿನ್ ಮೇಲೆ ಬಿಟ್ರೆ ಮೊದಲು ಕಡುನೀಲಿ, ಆಮೇಲೆ ನೇರಳೆ, ಆಮೇಲೆ ಕೆಂಚು, ಕೊನೆಗೆ ಅಯೋಡಿನ್ ಬಣ್ಣ ಬಿಟ್ರೆ ಏನೂ ಇಲ್ಲ. ಆ ದಿನದಿಂದ ಅವ್ನಿಗೆ ಎಂಜಲಪ್ಪ ಅಂತ ಹೆಸರು, ಈಗ್ಲೂ ವಾಟ್ಸಾಪ್ ಗ್ರೂಪಲ್ಲಿ ಹಂಗೇ ಇದೆ. ನಗೆಪಾಟಲು ಅಂದ್ರಲ್ಲ, ಎಲ್ರೂ ಸರದಿ ಮೇಲೆ ಆಗ್ತೀವಿ. ನನ್ನ ಸರದಿ ಜೆಲ್ ದಿನ ಬಂತು. ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರೆ ಮಾಡೋಕೆ ಎರಡು ಗಾಜಿನ ಪ್ಲೇಟ್ ಮಧ್ಯ ಅಕ್ರಿಲಮೈಡ್ ಜೆಲ್ ಹುಯ್ತಾರೆ, ಅದು ಗಟ್ಟಿ ಆಗ್ಬೇಕಂದ್ರೆ ಕೊನೇಲಿ ಎಪಿಎಸ್ ಮತ್ತೆ ಟೆಮೆಡ್ ಅಂತ ಒಂದು ವಾಸನೆ ದ್ರವ ಕೆಲವೇ ಮೈಕ್ರೋಲೀಟರ್ ಹಾಕ್ಬೇಕು. ನಾನು ಹಾಕ್ಲೇ ಇಲ್ಲ. ಒಂದೂವರೆ ಗಂಟೆ ಅದರ ಮುಂದೆ ಕೂತು ಕಾದೆ, ಅಲ್ಲಾಡಿಸಿ ನೋಡಿದ್ರೆ ನೀರು ನೀರೇ. ಮಾರನೇ ದಿನ ಟೆಮೆಡ್ ಹಾಕ್ದೆ, ಗಟ್ಟಿ ಆಯ್ತು, ಸ್ಯಾಂಪಲ್ ತುಂಬಿದೆ, ಕರೆಂಟ್ ಕೊಡೋ ಕೆಂಪು ಕಪ್ಪು ವೈರ್ ಉಲ್ಟಾ ಚುಚ್ಚಿದೆ. ನೀಲಿ ಬಣ್ಣ ಕೆಳಗೆ ಇಳಿಯೋ ಬದಲು ಮೇಲೆದ್ದು ಬಫರ್ ದ್ರಾವಣಕ್ಕೆ ಹೋಗ್ಬಿಡ್ತು, ಮೂರು ವಾರದ ಪ್ರೋಟೀನ್ ಹೊಗೆ ಥರ ಹರಡಿಕೊಂಡು ಹೋಯ್ತು.

ಅವತ್ತು ಒಬ್ಬ ಪಿಎಚ್‌ಡಿ ಸೀನಿಯರ್ ಅಕ್ಕ ತಮ್ಮ ಕೆಲಸ ಬಿಟ್ಟು ರಾತ್ರಿ 9 ಗಂಟೆ ತನಕ ನಿಂತು ನನ್ನ ಕೈಯಲ್ಲೇ ಇನ್ನೊಂದು ಜೆಲ್ ಮಾಡಿಸಿದ್ರು, ಒಂದ್ಸಲಾನೂ ಬೈಲಿಲ್ಲ. ಅವ್ರು ಮಾತಾಡಿಸ್ತಾರಾ ಅಂತ ಕೇಳಿದ್ರಲ್ಲ ಅದಕ್ಕೆ ಹೇಳಿದ್ದು. ಕ್ಲಾಸಲ್ಲಿ ಮಾತಾಡಿಸಲ್ಲ, ಬೆಂಚ್ ಹತ್ರ ನಿಂತ್ರೆ ಮಾತಾಡಿಸ್ತಾರೆ. ಹೋದ ಮೊದಲನೇ ತಿಂಗಳಲ್ಲೇ ಅಕ್ಕ ನಿಮ್ಮ ಪಿಪೆಟ್ ಟಿಪ್ ಬಾಕ್ಸ್ ತುಂಬಿಸಿ ಕೊಡ್ಲಾ ಅಂತ ಹೋಗಿ ಕೇಳಿ. ಟಿಪ್ ತುಂಬ್ತಾ ತುಂಬ್ತಾ ಅವ್ರು ಏನ್ ಮಾಡ್ತಿದಾರೆ ಅಂತ ನೋಡ್ಬೋದು, ನಾನು ಕಲಿತಿದ್ದರಲ್ಲಿ ಅರ್ಧ ಹಂಗೇ.

ಧಾರವಾಡ_ಮಂದಿ:

ಇಂಗ್ಲಿಷಿಂದು ನಾ ಹೇಳ್ತೇನ್ರಿ. ನಾನೂ ಹತ್ತನೇತ್ತ ತನಕ ಕನ್ನಡ ಮೀಡಿಯಮ್ಮೇ. ಸೆಮಿನಾರ್ ಇಂಗ್ಲಿಷ್‌ನ್ಯಾಗ ಕೊಡಬೇಕು, ಅದರಾಗ ಸುಳ್ಳು ಹೇಳೂದಿಲ್ಲ. ನನ್ನ ಮೊದಲನೇ ಸೆಮಿನಾರ್ ಕ್ರೆಬ್ಸ್ ಸೈಕಲ್ ಮ್ಯಾಲಿತ್ತು, ಜೀವಕೋಶದಾಗ ಆಹಾರದಿಂದ ಶಕ್ತಿ ತಗಿಯೂ ಕ್ರಿಯೆಗಳ ಚಕ್ರ ಅದು. ಹಾಸ್ಟೆಲ್ ಗಚ್ಚಿ ಮ್ಯಾಲ ಮೂರು ರಾತ್ರಿ ಬಾಯಿಪಾಠ ಮಾಡಿದ್ದೆ, ನೀರಿನ ಟಾಕಿ ಮುಂದ ನಿಂತು, ಟಾಕೀನ ಎಚ್‌ಓಡಿ, ಅಂದ್ರ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು, ಅಂತ ತಿಳಕೊಂಡು. ಅಲ್ಲಿ ಹೋಗಿ ನಿಂತ ಮ್ಯಾಲ ಸಿಟ್ರೇಟ್ ತನಕ ಬಂತು, ಮುಂದ ಐಸೋಸಿಟ್ರೇಟ್ ಬಾಯಿಗೆ ಬರವಲ್ದು. ಎಲ್ಲಾರೂ ಸುಮ್ಮ ಕುಂತಾರ. ನಮ್ಮ ಮೇಡಂ ಹಿಂದಿನ ಬೆಂಚಿನಿಂದ, ಕನ್ನಡದಾಗ ಹೇಳಪಾ, ಸೈಕಲ್ ತಿರಗೂದು ಯಾವ ಭಾಷಾದಾಗ ಹೇಳಿದ್ರೂ ತಿರಗತದ ಅಂದ್ರು. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಮಾಡಿ ಮುಗಿಸಿದೆ. ಪ್ರಶ್ನಿ ಕೇಳೂ ಹೊತ್ತಿಗೆ ಒಬ್ಬಾಂವ ಫ್ಲೂರೋಅಸಿಟೇಟ್ ವಿಷ ಹ್ಯಾಂಗ ಕೆಲಸ ಮಾಡತದ ಅಂತ ಕೇಳಿದ. ಅದು ಒಳಗ ಹೋಗಿ ಫ್ಲೂರೋಸಿಟ್ರೇಟ್ ಆಗಿ ಅಕೊನಿಟೇಸ್ ಎಂಜೈಮಿಗೆ ಅಡ್ಡ ಹಾಕತದ ಅಂತ ನನಗ ಗೊತ್ತಿತ್ತು, ಬೋರ್ಡ್ ಮ್ಯಾಲ ತಗದ ತೋರಿಸಿದೆ. ಚಿತ್ರಕ್ಕ ಇಂಗ್ಲಿಷ್ ಬೇಕಾಗಿಲ್ಲ ನೋಡ್ರಿ. ನಾಲ್ಕನೇ ಸೆಮಿಸ್ಟರ್ ಬರೂದ್ರಾಗ ನೀವಾ ಮಾತಾಡ್ತೀರಿ, ವ್ಯಾಕರಣ ಅಷ್ಟ ಸುಮಾರ್ ಇರತದ. ನಂದು ಇನ್ನೂ ಸುಮಾರೇ ಅದ.

ಇನ್ನ ಓದೂದು ಬಿಟ್ಟು ಉಳದದ್ದು. ವೆಲ್‌ಕಮ್ ಪಾರ್ಟಿ, ಸೆಂಡಾಫ್, ಇವೆಲ್ಲಾ ಎಲ್ಲಾ ಡಿಪಾರ್ಟ್‌ಮೆಂಟಿನ್ಯಾಗೂ ಇರತಾವ. ನನಗ ನೆನಪ ಇರೂದು ದಸರಾ. ಖಂಡೇನವಮಿ ದಿನ ಸೆಂಟ್ರಿಫ್ಯೂಜಿಗೆ ಚೆಂಡು ಹೂವಿನ ಮಾಲಿ, ಆಟೋಕ್ಲೇವಿಗೆ ವಿಭೂತಿ, ಡೀಪ್ ಫ್ರೀಜರ್ ಬಾಗಲಿಗೆ ಕುಂಕುಮ. ವರ್ಷಾನಗಟ್ಟಲೆ ಕೆಟ್ಟು ನಿಂತ ಒಂದು ಯುವಿ ಮಷೀನಿಗೂ ಹೂವ ಇಟ್ಟಿದ್ವಿ, ಅವತ್ತರ ಚಾಲೂ ಆಗ್ಲಿ ಅಂತ. ಆಗಲಿಲ್ಲ. ಮರದಿವಸ ಬನ್ನಿ ಕೊಡೂದು. ಪಿಎಚ್‌ಡಿ ಮಾಡಿಸೂ ಗೈಡ್ ಜೊತಿ ಆರು ತಿಂಗಳಿಂದ ಮಾತು ಬಿಟ್ಟಿದ್ದ ನಮ್ಮ ಸೀನಿಯರ್ ಅಣ್ಣನೂ ಹೋಗಿ ಬನ್ನಿ ಕೊಟ್ಟು ಕಾಲಿಗೆ ಬಿದ್ದ, ಬಂಗಾರದಂಗ ಇರೋಣು ಅಂದ್ರು ಇಬ್ಬರೂ. ಸೋಮವಾರ ಮತ್ತ ಮಾತು ಬಿಟ್ರು ಅದು ಬ್ಯಾರೆ ಮಾತು.

ಕ್ಯೂಸಿ_ನೈಟ್‌ಶಿಫ್ಟ್:

ಎಲ್ರೂ ಸಿಹಿಸಿಹಿ ಹೇಳ್ತಿದೀರ. ಹುಡುಗಿ ನಿಜ ಹೇಳಿ ಅಂದಿದಾಳೆ ಅಂತ ಬರಿತಿದೀನಿ. ನಾನು ಎಂಎಸ್ಸಿ ಆದ್ಮೇಲೆ ಬೆಂಗಳೂರಲ್ಲಿ ಒಂದು ಫಾರ್ಮಾ ಕಂಪನಿಲಿ ಕ್ಯೂಸಿಲಿ, ಅಂದ್ರೆ ಗುಣಮಟ್ಟ ಪರೀಕ್ಷೆಲಿ ಇದೀನಿ, ಮಿಶ್ರಣದ ಪದಾರ್ಥಗಳನ್ನ ಬೇರೆ ಮಾಡಿ ತೋರಿಸೋ ಎಚ್‌ಪಿಎಲ್‌ಸಿ ಮಷೀನ್ ಮುಂದೆ ಕೂತ್ಕೊಂಡು ಗ್ರಾಫಿನ ಪೀಕ್ ನೋಡೋದೇ ಕೆಲಸ. ಬಿಎಸ್ಸಿ ಮಾಡಿ ಬಂದೋನೂ ಪಕ್ಕದಲ್ಲಿ ಅದೇ ಕೆಲಸ ಮಾಡ್ತಾನೆ, ಸಂಬಳದಲ್ಲಿ ಹೇಳ್ಕೊಳೋ ಅಂಥ ವ್ಯತ್ಯಾಸ ಇಲ್ಲ. ಡಿಪಾರ್ಟ್‌ಮೆಂಟಲ್ಲಿ ನಂಗೂ ಒಳ್ಳೆ ದಿನಗಳೇ, ಆದ್ರೆ ಪ್ರಾಜೆಕ್ಟ್ ಟೈಮಲ್ಲಿ ಕೆಮಿಕಲ್ ಬರೋಕೆ ಇಂಡೆಂಟ್, ಅಂದ್ರೆ ಖರೀದಿ ಅರ್ಜಿ, ಹಾಕಿ ಎರಡೂವರೆ ತಿಂಗಳು ಕಾದಿದೀನಿ, ಸೆಮಿಸ್ಟರ್ ಇರೋದೇ ನಾಲ್ಕು ತಿಂಗಳು. ನಮ್ಮ ಗೈಡ್ ಹತ್ರ ಒಬ್ರು ಪಿಎಚ್‌ಡಿ ಅಣ್ಣಂದು ಪೇಪರ್ ಬರೆದು ಮುಗಿದು ಒಂದು ವರ್ಷ ಟೇಬಲ್ ಮೇಲೇ ಇತ್ತು, ನೋಡ್ತೀನಿ ನೋಡ್ತೀನಿ ಅಂತ, ಆ ಅಣ್ಣ ಕೊನೆಗೆ ಬೇಸತ್ತು ಪಿಯು ಕಾಲೇಜಿಗೆ ಗೆಸ್ಟ್ ಲೆಕ್ಚರರ್ ಆಗಿ ಹೋದ್ರು.

ಹೋಗ್ಬೇಡಿ ಅಂತಿಲ್ಲ. ಹೋದ್ರೆ ಮೊದಲನೇ ಸೆಮಿಸ್ಟರಿಂದಾನೇ ಸಿಎಸ್‌ಐಆರ್ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆಗೆ ಓದಿ, ಕೊನೇ ಸೆಮಿಸ್ಟರಲ್ಲಿ ನೋಡೋಣ ಅಂದ್ರೆ ನನ್ ಥರ ಆಗುತ್ತೆ. ಲೈಫ್ ಸೈನ್ಸಸ್ ಪೇಪರ್ 200 ಮಾರ್ಕ್ಸ್‌ದು. ಎ ಪಾರ್ಟಲ್ಲಿ 20 ಪ್ರಶ್ನೆಲಿ 15 ಬರೀಬೇಕು, ಬಿ ಪಾರ್ಟಲ್ಲಿ 50ರಲ್ಲಿ 35, ಸಿ ಪಾರ್ಟಲ್ಲಿ 75 ಕೊಟ್ಟು ಬರೀ 25 ಬರಿ ಅಂತಾರೆ, ಆ 25ಕ್ಕೇ 100 ಮಾರ್ಕ್ಸ್. ತಪ್ಪಾದ್ರೆ ಕಾಲು ಭಾಗ ಕಟ್. ಬಯೋಕೆಮಿಸ್ಟ್ರಿ ಒಂದೇ ಓದಿದ್ರೆ ಸಾಲಲ್ಲ, ಸಸ್ಯ ಪ್ರಾಣಿ ಪರಿಸರ ಎಲ್ಲ ಬರುತ್ತೆ, ನಿಮಗೆ ಬಾಟನಿ ಇರೋದು ಅಲ್ಲಿ ಲಾಭ. ಆ ಪರೀಕ್ಷೆಲಿ ಜೆಆರ್‌ಎಫ್, ಅಂದ್ರೆ ಪಿಎಚ್‌ಡಿ ಮಾಡೋಕೆ ಕೊಡೋ ಫೆಲೋಶಿಪ್, ಆದ್ರೆ ತಿಂಗಳಿಗೆ 37,000, ಮೇಲೆ ಮನೆ ಬಾಡಿಗೆಗೆ ಎಚ್‌ಆರ್‌ಎ. ನಿಮ್ಮಪ್ಪಂಗೆ ಸಿಟ್ರೇಟ್ ಬೇಡ, ಈ ನಂಬರ್ ಹೇಳಿ.

ಟೆಮೆಡ್_ಮರೆತವನು:

ದುಡ್ಡಿನ ಮಾತು ಒಪ್ಪಿದೆ ಗುರು, ಆದ್ರೆ ಜೆಆರ್‌ಎಫ್ ದುಡ್ಡು ತಿಂಗಳು ತಿಂಗಳು ಬರುತ್ತೆ ಅಂತ ಅಪ್ಪಂಗೆ ಹೇಳ್ಬಿಟ್ರೆ ಕಷ್ಟ. ನಂಗೆ ಒಂದ್ಸಲ ಐದು ತಿಂಗಳದ್ದು ಒಟ್ಟಿಗೆ ಬಂತು. ಅಲ್ಲೀತನಕ ಮೆಸ್ ಬಿಲ್‌ಗೆ ಸಾಲ. ಬಂದ ದಿನ ಮಾತ್ರ ಇಡೀ ಲ್ಯಾಬಿಗೆ ಬಿರಿಯಾನಿ ಕೊಡಿಸಿ ಮತ್ತೆ ಬಡವ ಆದೆ.

ತುಬಿಂಗೆನ್_ಕನ್ನಡಿಗ:

ಪೇಪರ್ ಟೇಬಲ್ ಮೇಲೆ ಕೂತಿತ್ತು ಅನ್ನೋದು ಓದಿ ಬರೀಲೇಬೇಕು ಅನ್ನಿಸ್ತು. ನಾನು ಇರೋ ಊರು ಜರ್ಮನಿಯ ತುಬಿಂಗೆನ್, ಇಲ್ಲಿ ಗುಡ್ಡದ ಮೇಲೊಂದು ಕೋಟೆ ಇದೆ, ಅದರ ಅಡುಗೆಮನೆನೇ 150 ವರ್ಷದ ಹಿಂದೆ ಯೂನಿವರ್ಸಿಟಿ ಬಯೋಕೆಮಿಸ್ಟ್ರಿ ಲ್ಯಾಬು. 1869ರಲ್ಲಿ ಫ್ರೆಡ್ರಿಕ್ ಮೀಷರ್ ಅಂತ ಹುಡುಗ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜ್ ತರಿಸ್ಕೊಂಡು, ಅದನ್ನ ತೊಳೆದು ಬಿಳಿ ರಕ್ತಕಣ ತೆಗೆದು, ಅದರ ನ್ಯೂಕ್ಲಿಯಸ್ ಒಳಗಿಂದ ಒಂದು ಹೊಸ ಪದಾರ್ಥ ತೆಗೆದ. ನ್ಯೂಕ್ಲಿಯಿನ್ ಅಂತ ಹೆಸರಿಟ್ಟ, ಈಗ ನಾವು ಡಿಎನ್‌ಎ ಅಂತೀವಲ್ಲ ಅದು. ಅವ್ನ ಗೈಡ್ ಹೋಪೆ ಸೈಲರ್ ನಂಬ್ಲಿಲ್ಲ, ತಾನೇ ಕೈಯಾರೆ ಇಡೀ ಎಕ್ಸ್‌ಪೆರಿಮೆಂಟ್ ಮತ್ತೆ ಮಾಡಿ ನೋಡಿ ಆಮೇಲೆ ಬಿಟ್ಟಿದ್ದು, ಪೇಪರ್ ಬಂದಿದ್ದು 1871ಕ್ಕೆ. ಗೈಡ್ ಪೇಪರ್ ಬಿಡಲ್ಲ ಅನ್ನೋ ಗೋಳು ಅಷ್ಟು ಹಳೇದು. ವ್ಯತ್ಯಾಸ ಇಷ್ಟೇ, ಆ ಗೈಡ್ ಸುಮ್ನೆ ಇಟ್ಕೊಳ್ದೇ ತಾನೇ ಕೈ ಹಾಕಿ ಮಾಡಿದ.

ಇಲ್ಲಿ ಪಿಎಚ್‌ಡಿ ಅಂದ್ರೆ ಕೆಲಸದ ಕಾಂಟ್ರ್ಯಾಕ್ಟ್, ನಂದು 65 ಪರ್ಸೆಂಟ್ ಪೋಸ್ಟು, ಕೆಲಸ ಮಾತ್ರ ನೂರಕ್ಕೆ ನೂರು. ಪ್ರೊಫೆಸರನ್ನ ಹೆಸರು ಹಿಡಿದು ಕರೀಬೇಕು, ಮೂರು ತಿಂಗಳು ನಂಗೆ ಬಾಯಿ ಬರ್ಲಿಲ್ಲ, ಕರೆಯೋ ಸಂದರ್ಭನೇ ಬರದ ಹಂಗೆ ಎದುರಿಗೆ ಹೋಗಿ ನಿಂತ್ಕೊಂಡು ಕೆಮ್ತಿದ್ದೆ. ಥೀಸಿಸ್ ಡಿಫೆನ್ಸ್ ಆದ ದಿನ ಲ್ಯಾಬಿನೋರೆಲ್ಲ ಸೇರಿ ರಟ್ಟಲ್ಲಿ ಒಂದು ದೊಡ್ಡ ಟೋಪಿ ಮಾಡಿ ತಲೆಗೆ ಹಾಕ್ತಾರೆ, ಅದರ ಮೇಲೆ ನಿಮ್ಮ ಕಥೆ ಎಲ್ಲ ಅಂಟಿಸಿರ್ತಾರೆ. ಮೊನ್ನೆ ಒಬ್ಳದ್ದಕ್ಕೆ ಅವಳು ಒಡೆದ ಕ್ವಾರ್ಟ್ಸ್ ಕ್ಯುವೆಟ್, ಅಂದ್ರೆ ಸ್ಪೆಕ್ಟ್ರೋಫೋಟೋಮೀಟರ್ ಒಳಗೆ ದ್ರಾವಣ ತುಂಬಿ ಇಡೋ ಪುಟ್ಟ ಡಬ್ಬಿ, ಅದರ ತುಂಡನ್ನೇ ಅಂಟಿಸಿದ್ವಿ. ನಮ್ಮ ಎಂಎಸ್ಸಿ ಲ್ಯಾಬಲ್ಲಿ ಕ್ವಾರ್ಟ್ಸ್ ಕ್ಯುವೆಟ್ ಇದ್ದಿದ್ದು ಎರಡು, ಮೇಡಂ ಬೀರುವಲ್ಲಿ ಬೀಗ ಹಾಕಿ ಇಡ್ತಿದ್ರು, ಅದನ್ನ ಇಸ್ಕೊಳೋಕೆ ರಿಜಿಸ್ಟರಲ್ಲಿ ಸೈನ್. 280 ನ್ಯಾನೋಮೀಟರಿನ ಯುವಿ ಬೆಳಕನ್ನ ಮಾಮೂಲಿ ಗಾಜು ಬಿಡಲ್ಲ, ಅದಕ್ಕೆ ಕ್ವಾರ್ಟ್ಸೇ ಬೇಕು, ಹಂಗಾಗಿ ಆ ಮರ್ಯಾದೆ. ಎರಡೂ ಒಂದೇ ರೀಡಿಂಗ್ ಕೊಡುತ್ತಾ ಅಂತ ಮ್ಯಾಚ್ ಮಾಡೋದು, ಬೆರಳು ತಾಗದ ಹಂಗೆ ಹಿಡಿಯೋದು ಅಲ್ಲೇ ಕಲ್ತಿದ್ದು, ಇಲ್ಲಿಯ ಹುಡುಗರು ಡಜನ್‌ಗಟ್ಟಲೆ ಇರೋದ್ರಿಂದ ಸ್ಪೂನ್ ಥರ ಹಿಡೀತಾರೆ.

ರಾಗಿಮಾಲ್ಟ್_22:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಟಾಕಿನ ಎಚ್‌ಓಡಿ ಮಾಡಿದ್ದು ಓದಿ ಒಬ್ಳೇ ನಕ್ಕೆ. ಇನ್ನೊಂದು ಕೇಳ್ಬೇಕು, ಹುಡುಗೀರು ಯಾರಾದ್ರೂ ಇದ್ರೆ ಹೇಳಿ. ರಾತ್ರಿ 9ರ ತನಕ ಲ್ಯಾಬ್ ಅಂದ್ರಲ್ಲ, ಹಾಸ್ಟೆಲ್ ಗೇಟು? ಅಪ್ಪಂಗೆ ದುಡ್ಡಿಗಿಂತ ಅದೇ ದೊಡ್ಡ ಪ್ರಶ್ನೆ.

ಹುರುಳಿಸಾರು:

ನಾನು ಹೇಳ್ತೀನಿ ಕಣೇ. ನಮ್ಮ ಹಾಸ್ಟೆಲ್ ಗೇಟು 8 ಗಂಟೆಗೆ. ಹುಡುಗರ ಹಾಸ್ಟೆಲಿಗೆ ಗೇಟು ಇತ್ತು, ಮುಚ್ಚಿದ್ದು ಯಾರೂ ನೋಡಿಲ್ಲ. ಲ್ಯಾಬಲ್ಲಿ ಲೇಟ್ ಆಗುತ್ತೆ ಅಂದ್ರೆ ಗೈಡ್ ಹತ್ರ ಲೆಟರ್, ಅದಕ್ಕೆ ಎಚ್‌ಓಡಿ ಸೈನ್, ಅದನ್ನ ವಾರ್ಡನ್‌ಗೆ, ವಾರ್ಡನ್ ಇಲ್ಲ ಅಂದ್ರೆ ವಾಚ್‌ಮನ್ ಅಜ್ಜಂಗೆ ತೋರಿಸ್ಬೇಕು, ಅಜ್ಜಂಗೆ ಓದೋಕೆ ಬರಲ್ಲ, ಸೀಲ್ ನೋಡಿ ಬಿಡ್ತಿದ್ರು. ಎಂಜೈಮಿಗೆ ಹಾಸ್ಟೆಲ್ ಟೈಮಿಂಗ್ ಗೊತ್ತಿಲ್ಲ, ಎಂಜೈಮಿಂದ ಉಪ್ಪು ತೆಗೆಯೋ ಡಯಾಲಿಸಿಸ್ ಬಫರ್ ರಾತ್ರಿನೇ ಬದಲಾಯಿಸ್ಬೇಕು, ಹಂಗಾಗಿ ನಾವು ಮೂರು ಹುಡುಗೀರು ಒಂದು ಒಪ್ಪಂದ ಮಾಡ್ಕೊಂಡಿದ್ವಿ, ಯಾರೇ ಲೇಟ್ ಆದ್ರೂ ಮೂವರೂ ಲೇಟು. ಒಬ್ಬಳ ಬಫರಿಗೆ ಮೂವರ ಲೆಟರ್. ಕೋಲ್ಡ್ ರೂಮಿನ ಮೊಳೆಗೆ ಒಂದು ಹಳೇ ಮೆರೂನ್ ಸ್ವೆಟರ್ ನೇತು ಹಾಕಿತ್ತು, ಯಾವ ಬ್ಯಾಚಿನೋಳದ್ದು ಅಂತ ಯಾರಿಗೂ ಗೊತ್ತಿಲ್ಲ, 4 ಡಿಗ್ರಿಲಿ ಪ್ರೋಟೀನ್ ಶುದ್ಧ ಮಾಡೋ ಕಾಲಂ ಹಾಕಿ ಕೂರೋಳಿಗೆ ಅದು. ತೋಳು ಹರಿದಿತ್ತು, ಯಾರೋ ಬಿಳಿ ದಾರದಲ್ಲಿ ಹೊಲಿದಿದ್ರು.

ಅಪ್ಪಂಗೆ ಹೇಳೋಕೆ ಒಂದು ಕಥೆ ಕೊಡ್ತೀನಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಲ್ಲಿ ಬಯೋಕೆಮಿಸ್ಟ್ರಿ ಶುರುವಾಗಿದ್ದು 1921ರಲ್ಲಿ. 1933ರಲ್ಲಿ ಕಮಲಾ ಸೊಹೊನಿ ಅಂತ ಹುಡುಗಿ, ಆಗಿನ್ನೂ ಕಮಲಾ ಭಾಗವತ್, ಬಾಂಬೆಲಿ ಬಿಎಸ್ಸಿ ಫಸ್ಟ್ ಬಂದು ಅಲ್ಲಿಗೆ ಅರ್ಜಿ ಹಾಕಿದ್ರು. ಸಿ.ವಿ. ರಾಮನ್ ಡೈರೆಕ್ಟರು, ಹೆಣ್ಣುಮಕ್ಕಳು ಬೇಡ ಅಂದ್ಬಿಟ್ರು. ಈಕೆ ಬಿಡ್ಲಿಲ್ಲ, ಕೊನೆಗೆ ಒಂದು ವರ್ಷ ಪರೀಕ್ಷೆ ಥರ ನೋಡೋಣ, ಗಂಡು ಹುಡುಗರ ಗಮನ ಕೆಡಿಸ್ಬಾರ್ದು, ಹಿಂಗೆಲ್ಲ ಷರತ್ತು ಹಾಕಿ ಸೇರಿಸ್ಕೊಂಡ್ರು. ಅಲ್ಲಿ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳಿನ ಪ್ರೋಟೀನ್ ಮೇಲೆ ಕೆಲಸ ಮಾಡಿದ್ರು, ಆಮೇಲೆ ಕೇಂಬ್ರಿಡ್ಜಿಗೆ ಹೋಗಿ 1939ರಲ್ಲಿ ಪಿಎಚ್‌ಡಿ. ಸೈನ್ಸಲ್ಲಿ ಪಿಎಚ್‌ಡಿ ತಗೊಂಡ ಮೊದಮೊದಲ ಭಾರತೀಯ ಹೆಣ್ಣುಮಕ್ಕಳಲ್ಲಿ ಒಬ್ರು. ಷರತ್ತು ಬರೆದ ಆಫೀಸಿಗೂ ನಮ್ಮ ವಾರ್ಡನ್ ಆಫೀಸಿಗೂ ಏನ್ ದೂರ ಅಂತ ನಂಗೆ ಎಷ್ಟೋ ಸಲ ಅನ್ಸಿದೆ. ಆದ್ರೂ ನಾಲ್ಕನೇ ಸೆಮಿಸ್ಟರ್ ಹೊತ್ತಿಗೆ ನಾವು ಹಟ ಹಿಡಿದು ಗೇಟ್ ಟೈಮ್‌ನ ಲ್ಯಾಬ್ ಇರೋರಿಗೆ 9:30 ಮಾಡಿಸಿದ್ವಿ. ನಿಮ್ಮ ಕಡೆ ಎಷ್ಟಿದೆ ಅಂತ ಸೇರೋ ಮುಂಚೆ ಅಲ್ಲೇ ಓದ್ತಿರೋ ಹುಡುಗೀರನ್ನ ಕೇಳಿ, ಆಫೀಸಲ್ಲಿ ಕೇಳ್ಬೇಡಿ.

ಮತ್ತೆ ನಿನ್ನ ಹೆಸರು ನೋಡಿ ಕೇಳ್ತಿದೀನಿ, ಮನೇಲಿ ರಾಗಿ ಮಾಲ್ಟ್ ಮಾಡ್ತೀರಾ? ನೆನೆಸಿ, ಬಟ್ಟೆಲಿ ಕಟ್ಟಿ, ಮೊಳಕೆ ಬರ್ಸಿ, ಒಣಗಿಸಿ ಹುರಿದು ಬೀಸ್ತಾರಲ್ಲ. ಬರೀ ರಾಗಿ ಹಿಟ್ಟಿನ ಗಂಜಿ ಮುದ್ದೆಗಟ್ಟುತ್ತೆ, ಮೊಳಕೆದು ತೆಳ್ಳಗೆ ಹರಿಯುತ್ತೆ, ಮಗುಗೆ ಕುಡಿಸೋಕೆ ಸಲೀಸು. ಯಾಕೆ ಅಂದ್ರೆ ಮೊಳಕೆ ಬರೋವಾಗ ಕಾಳು ಅಮೈಲೇಸ್ ಮಾಡ್ಕೊಳುತ್ತೆ, ಅದು ಸ್ಟಾರ್ಚನ್ನ ಕತ್ತರಿಸಿ ಸಕ್ಕರೆ ಮಾಡುತ್ತೆ. ಮೇಲೆ ಎಂಜಲಪ್ಪನ ಬೀಕರಲ್ಲಿ ಇದ್ದಿದ್ದೂ ಅದೇ ಜಾತಿ ಎಂಜೈಮು. ನನ್ನ ಪ್ರಾಜೆಕ್ಟು ಹುರುಳಿ ಮೇಲೆ ಆಯ್ತು, ಆದ್ರೆ ನನ್ನ ಪಕ್ಕದೋಳು ರಾಗಿದು ಮಾಡಿದ್ಲು. ಒಂದು ದಿನದ ಮೊಳಕೆ, ಎರಡು ದಿನದ್ದು, ಮೂರು ದಿನದ್ದು, ಬೇರೆ ಬೇರೆ ಅರೆದು ರಸ ತೆಗೆದು, ಸ್ಟಾರ್ಚ್ ಜೊತೆ ಬಿಟ್ಟು, ಸಕ್ಕರೆ ಇದ್ರೆ ಬಣ್ಣ ಬದಲಿಸೋ ಡಿಎನ್‌ಎಸ್ ಕೆಮಿಕಲ್ ಹಾಕಿ ಕುದಿಯೋ ನೀರಲ್ಲಿ ಐದು ನಿಮಿಷ ಇಟ್ರೆ ಟ್ಯೂಬ್‌ಗಳು ಸಾಲಾಗಿ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು, 540 ನ್ಯಾನೋಮೀಟರಲ್ಲಿ ರೀಡಿಂಗ್. ಕೆಮಿಕಲ್ ಇಂಡೆಂಟ್‌ಗೆ ಎರಡೂವರೆ ತಿಂಗಳು ಕಾಯೋ ಗೋಳೂ ಕಮ್ಮಿ, ರಾಗಿ ಹಾಸ್ಟೆಲ್ ಮೆಸ್ಸಿಂದಾನೇ ಬಂತು.

ಕ್ಯೂಸಿ_ನೈಟ್‌ಶಿಫ್ಟ್:

ಡಿಎನ್‌ಎಸ್ ಟ್ಯೂಬಿನ ಬಣ್ಣ ನೆನಪಿಸ್ಬೇಡಿ ಮಾರಾಯ್ರೆ, ಈಗ ಪೀಕ್ ನೋಡ್ತಾ ಕೂತಿದೀನಿ, ಕಪ್ಪು ಗೆರೆ ಬಿಟ್ರೆ ಇಲ್ಲಿ ಬಣ್ಣನೇ ಇಲ್ಲ.

ರಾಗಿಮಾಲ್ಟ್_22:

ಎರಡು ದಿನ ನೆಟ್‌ವರ್ಕ್ ಇರ್ಲಿಲ್ಲ. ಅಪ್ಪಂಗೆ 37,000 ಹೇಳಿದೆ, ಹ್ಞೂಂ ಅಂದ್ರು ಅಷ್ಟೇ. ಗೇಟಿನ ವಿಷಯಕ್ಕೆ ಅಲ್ಲಿ ಓದ್ತಿರೋ ಒಬ್ಬಕ್ಕನ ನಂಬರ್ ಸಿಕ್ತು, 9 ಗಂಟೆ ಅಂತೆ, ಅಪ್ಪನೇ ಫೋನ್ ಇಸ್ಕೊಂಡು ಅವ್ರ ಹತ್ರ ಹತ್ತು ನಿಮಿಷ ಮಾತಾಡಿದ್ರು. ರಾಗಿದು ಅಮ್ಮಂಗೆ ಓದಿ ಹೇಳಿದೆ. ಮೂರು ದಿನ ಬಿಟ್ರೆ ಮೊಳಕೆ ಹುಳಿ ವಾಸನೆ ಬರುತ್ತೆ, ಎರಡು ದಿನಕ್ಕೇ ತೆಗೀಬೇಕು, ಅದನ್ನ ನಿಮ್ಮ ಮೇಷ್ಟ್ರಿಗೆ ಹೇಳು ಅಂದ್ರು. ಫೀಸ್ ಇವತ್ತು ಕಟ್ಟಿದ್ವಿ. ಬರುವಾಗ ಏನ್ ತರ್ಬೇಕು?

ಟೆಮೆಡ್_ಮರೆತವನು:

ಬಿಳಿ ಕೋಟು ಎರಡು, ಕಾಟನ್ನು, ಪೂರ್ತಿ ತೋಳಿಂದು, ಪಾಲಿಯೆಸ್ಟರ್ ಬೇಡ, ಬರ್ನರ್ ಹತ್ರ ಕರಗಿ ಅಂಟ್ಕೊಳುತ್ತೆ. ಪರ್ಮನೆಂಟ್ ಮಾರ್ಕರ್ ಸಣ್ಣ ಮೊನೆದು ಒಂದು ಡಜನ್, ಅದರ ಮೇಲೆ ನಿಮ್ಮ ಹೆಸರು ಬರೆದಿಡಿ. ಆದ್ರೂ ಒಂದು ವಾರದಲ್ಲಿ ಕಾಣೆ ಆಗುತ್ತೆ, ಪಿಎಚ್‌ಡಿಯವರ ಜೇಬು ನೋಡಿ.

ಹುರುಳಿಸಾರು:

ಸ್ವೆಟರ್ ಒಂದು ಜಾಸ್ತಿ ತಗೊಂಡೋಗು, ಕೋಲ್ಡ್ ರೂಮಿಗೆ. ಹಳೇದಿದ್ರೂ ನಡೆಯುತ್ತೆ.